ಹೊರಗುಳಿದ ನಲವತ್ತು ಸಾಲು

ಹೋರ, ಗ್ರೀಸ್
22 ಏಪ್ರಿಲ್ 1998, ಬುಧವಾರ, ಮಧ್ಯಾಹ್ನ

ಡ್ಯಾಡಿಗೆ,

ಪತ್ರ ಬರೆಯುತ್ತಿರುವುದಕ್ಕೇ ಮೊದಲು ಕ್ಷಮೆ ಕೇಳುತ್ತೇನೆ. ಬರೆಯಬೇಡ ಎಂದು ನೀವು ಹೇಳಿದ್ದನ್ನು ಮರೆತಿಲ್ಲ. ಕೊನೆಯ ಟರ್ಮ್ ಮುಗಿದ ದಿನ ಹಾಸ್ಟೆಲಿನ ಗೇಟಿನ ಹತ್ತಿರ, ಕಾರಿನ ಬಾಗಿಲು ಹಿಡಿದುಕೊಂಡೇ, "ತೀರಾ ಅರ್ಜೆಂಟ್ ಇದ್ದರೆ ಮಾತ್ರ ಆಫೀಸಿಗೆ ಬರಿ, ಮನೆಗೆ ಬೇಡ" ಎಂದಿರಿ. ಆಫೀಸಿಗೇ ಬರೆಯುತ್ತಿದ್ದೇನೆ. ಲಕೋಟೆಯ ಮೇಲೆ ಎರಡು ಕಡೆ 'ಖಾಸಗಿ' ಎಂದು ಹಾಕುತ್ತೇನೆ. ನಿಮ್ಮನ್ನು ಏನೆಂದು ಕರೆಯಬೇಕೆಂದು ತಿಳಿಯದೆ ಮೂರು ಹಾಳೆ ಹರಿದೆ. ಏಳು ವರ್ಷ ಮೇಟ್ರನ್ ಎದುರಿಗೆ 'ಮಿಸ್ಟರ್ ಹೆಸ್ಕೆತ್' ಎಂದು ಕರೆದು ಅದೇ ರೂಢಿಯಾಗಿಬಿಟ್ಟಿದೆ. ಕ್ರಿಸ್‌ಮಸ್ಸಿಗೆ ನೀವು ಕಳಿಸಿದ ಪೆನ್ನಿಗೆ ಥ್ಯಾಂಕ್ಸ್ ಕೂಡ ಹೇಳಿರಲಿಲ್ಲ. ಅದಕ್ಕೂ ಸಾರಿ.

ಇದು ಅರ್ಜೆಂಟ್. ನನ್ನಿಂದಾಗಿ ಒಬ್ಬರು ಸಾಯುವ ಹಾಗಾಗಿದ್ದಾರೆ. ಒಂದು ಗಂಟೆಯ ಹಿಂದೆ ಹೆಲಿಕಾಪ್ಟರಿನಲ್ಲಿ ದೊಡ್ಡ ದ್ವೀಪದ ಆಸ್ಪತ್ರೆಗೆ ಒಯ್ದರು. ಬದುಕುತ್ತಾರೋ ಇಲ್ಲವೋ ಗೊತ್ತಿಲ್ಲ. ಅದಕ್ಕೆ ಕಾರಣ ನಾನು ಎಂಬುದು ಈ ಊರಿನಲ್ಲಿ ಇನ್ನೂ ಯಾರಿಗೂ ಗೊತ್ತಿಲ್ಲ. ಎಲ್ಲರೂ ಡಾಕ್ಟರ್ ಕ್ರಿಸಾಂಥಿಯನ್ನು ಬೈಯುತ್ತಿದ್ದಾರೆ. ನಾನು ಕ್ಲಿನಿಕ್ಕಿನ ಹೊರಗಿನ ಬೆಂಚಿನ ಮೇಲೆ ಕೂತು ಮೊಣಕಾಲಿನ ಮೇಲೆ ಪ್ಯಾಡ್ ಇಟ್ಟುಕೊಂಡು ಬರೆಯುತ್ತಿದ್ದೇನೆ. ನೋಡಿದವರು ಏನೋ ರಿಪೋರ್ಟ್ ಬರೆಯುತ್ತಿದ್ದಾಳೆ ಎಂದುಕೊಳ್ಳುತ್ತಾರೆ.

ಅಮ್ಮನಿಗೆ ಹೇಳುವ ಧೈರ್ಯವಿಲ್ಲ. ನಿಮಗೇ ಯಾಕೆ ಎಂದರೆ, ಒಂದು ವಿಷಯವನ್ನು ಯಾರಿಗೂ ಗೊತ್ತಾಗದ ಹಾಗೆ ವರ್ಷಗಟ್ಟಲೆ ಇಟ್ಟುಕೊಂಡವರು ನನಗೆ ತಿಳಿದಂತೆ ನೀವೊಬ್ಬರೇ. ಚುಚ್ಚುವುದಕ್ಕೆ ಹೇಳುತ್ತಿಲ್ಲ. ಇಟ್ಟುಕೊಂಡರೆ ಆಮೇಲೆ ಹೇಗಿರುತ್ತದೆ ಎಂದು ನಿಜವಾಗಿಯೂ ಕೇಳುತ್ತಿದ್ದೇನೆ.

ಮೊದಲಿನಿಂದ ಹೇಳುತ್ತೇನೆ. ನೀವು ಎಂಜಿನಿಯರ್, ಬೇಗ ಅರ್ಥವಾಗುತ್ತದೆ.

ನೀವು ಜೆಟ್ಟಿ ಕಟ್ಟಿಸುತ್ತಿದ್ದಾಗಲೂ ಈ ಕ್ಲಿನಿಕ್ ಇತ್ತಂತೆ, ಎರಡೇ ಕೋಣೆ. ಡಾಕ್ಟರುಗಳು ಕಡ್ಡಾಯ ಗ್ರಾಮಸೇವೆಯ ಒಂದು ವರ್ಷ ಮುಗಿಸಿ ಹೋಗುತ್ತಾರೆ. ಈಗಿರುವ ಕ್ರಿಸಾಂಥಿಗೆ ಇಪ್ಪತ್ತೇಳು ವಯಸ್ಸು, ಥೆಸಲೊನೀಕಿಯವರು. ಇಪ್ಪತ್ತೆರಡು ವರ್ಷದಿಂದ ಅಲ್ಲಿದ್ದವರು ಒಬ್ಬರೇ, ನರ್ಸ್ ಆರ್ಗಿರೊ ಅತ್ತೆ. ಊರಿನ ಪ್ರತಿಯೊಬ್ಬರಿಗೂ ಒಂದು ಕಾರ್ಡು ಮಾಡಿ ಮರದ ಡ್ರಾಗಳಲ್ಲಿ ಇಟ್ಟಿದ್ದರು. ಯಾವ ಔಷಧಿ ಯಾರಿಗೆ ಆಗಿಬರುವುದಿಲ್ಲ ಎಂಬುದನ್ನು ಕೆಂಪು ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ಅವರು ಈ ಈಸ್ಟರಿಗೆ ನಿವೃತ್ತಿ. ಆಸ್ಟ್ರೇಲಿಯಕ್ಕೆ ಹೋದ ನಮ್ಮೂರಿನವರು ಕ್ಲಿನಿಕ್ಕಿಗೆ ಒಂದು ಕಂಪ್ಯೂಟರ್ ಕೊಟ್ಟಿದ್ದರು. ಡೇಟಾಬೇಸ್ ಎಂಬ ವಿಷಯವನ್ನು ಪಾತ್ರಾಸ್‌ನಲ್ಲಿ ಒಂದು ಸೆಮಿಸ್ಟರ್ ಓದಿ ಬಂದವಳು ನಾನೊಬ್ಬಳೇ. ರಜೆಯಲ್ಲಿ ಕಾರ್ಡುಗಳನ್ನೆಲ್ಲ ಅದಕ್ಕೆ ತುಂಬಿಸಿಕೊಡು ಎಂದು ಡಾಕ್ಟರ್ ಕೇಳಿದರು. ಎಷ್ಟು ಖುಷಿಯಾಗಿತ್ತು ಎಂದರೆ, ನಾನು ಈ ಊರಿನಲ್ಲಿ ಯಾವುದಕ್ಕೋ ಬೇಕಾದವಳು ಎಂದು ಅನಿಸಿದ್ದು ಅದೇ ಮೊದಲು. ಇಲ್ಲಿ ನಾನು ಇಂಗ್ಲಿಷಿನವಳು, ಇಂಗ್ಲೆಂಡಿನ ಸ್ಕೂಲಿನಲ್ಲಿ ಗ್ರೀಕಿನವಳು.

ಹನ್ನೆರಡು ದಿನ ಆರ್ಗಿರೊ ಅತ್ತೆ ಓದುವುದು, ನಾನು ಟೈಪ್ ಮಾಡುವುದು. ಅವರಿಗೂ ಕಲಿಸಬೇಕೆಂದು ಡಾಕ್ಟರ್ ಹೇಳಿದ್ದರು, ಆದರೆ ಅವರು ಕಲಿಯುವುದಕ್ಕಿಂತ ಪರೀಕ್ಷೆ ಮಾಡುತ್ತಿದ್ದುದೇ ಹೆಚ್ಚು.

"ಅದೇನೇ ಅದು, ಫೀಲ್ಡ್ ಅಂದ್ರೆ?"

"ಕಾರ್ಡಲ್ಲಿರೋ ಒಂದೊಂದು ಖಾನೆ, ಅತ್ತೆ. ಹೆಸರು ಒಂದು ಫೀಲ್ಡು, ಹುಟ್ಟಿದ ವರ್ಷ ಇನ್ನೊಂದು."

"ಇಡೀ ಕಾರ್ಡು?"

"ಅದು ರೆಕಾರ್ಡ್. ಒಬ್ಬರಿಗೆ ಒಂದು ಸಾಲು."

"ಇಡೀ ಡ್ರಾ?"

"ಅದು ಟೇಬಲ್."

"ಇಪ್ಪತ್ತೆರಡು ವರ್ಷದಿಂದ ನಾನು ಡ್ರಾ ಅಂತಿದ್ದೆ. ಅದನ್ನ ಟೇಬಲ್ ಅನ್ನೋಕೆ ಪಾತ್ರಾಸ್‌ಗೆ ಹೋಗ್ಬೇಕಾಯ್ತಾ ನೀನು?"

ಕ್ವೆರಿ ಎಂದರೆ ಟೇಬಲ್‌ಗೆ ಕೇಳುವ ಪ್ರಶ್ನೆ, 'ಇಂಥ ಔಷಧಿ ಆಗದವರು ಯಾರ್ಯಾರು' ಎಂದು ಕೇಳಿದರೆ ಒಂದು ಕ್ಷಣದಲ್ಲಿ ಪಟ್ಟಿ ಕೊಡುತ್ತದೆ ಎಂದೆ. "ಅದಕ್ಕೆ ನಾನಿದೀನಲ್ಲ" ಎಂದರು. ಒಳಗಿನ ಕೋಣೆಯಿಂದ ಡಾಕ್ಟರ್, "ಈಸ್ಟರ್ ಆದ್ಮೇಲೆ ಇರಲ್ವಲ್ಲ ಆರ್ಗಿರಮ್ಮ, ಅದಕ್ಕೇ ಈ ಪಾಡು" ಎಂದು ಕೂಗಿದರು. ಆಮೇಲೆ ಅತ್ತೆ ಹತ್ತು ಕಾರ್ಡು ತಮಾಷೆಯೇ ಇಲ್ಲದೆ ಓದಿದರು.

ಮುಖ್ಯವಾದದ್ದು ಈಗ ಬರುತ್ತದೆ. ಟೇಬಲ್‌ಗೆ ಒಂದು ಪ್ರೈಮರಿ ಕೀ ಬೇಕು. ಒಂದು ಸಾಲನ್ನು ಇನ್ನೊಂದು ಸಾಲಿನಿಂದ ಬೇರೆಮಾಡುವ ಗುರುತು ಅದು. ಇಬ್ಬರಿಗೆ ಒಂದೇ ಕೀ ಇರುವಂತಿಲ್ಲ, ಇದ್ದರೆ ಪ್ರೋಗ್ರಾಮ್ ಎರಡನೆಯವರನ್ನು ಒಳಗೆ ಬಿಡುವುದಿಲ್ಲ. ಸುಮ್ಮನೆ ಒಂದು, ಎರಡು, ಮೂರು ಎಂದು ನಂಬರ್ ಕೊಡಬಹುದಿತ್ತು. ಆರ್ಗಿರೊ ಅತ್ತೆ, "ಜನಕ್ಕೆ ನಂಬರ್ ಹಾಕ್ತೀಯಾ? ಕುರಿಗಳಾ ಅವು?" ಎಂದರು. ಸರಿ, ಮನೆಹೆಸರು, ಹೆಸರು, ಹುಟ್ಟಿದ ವರ್ಷ, ಮೂರೂ ಸೇರಿ ಕೀ ಎಂದು ಇಟ್ಟೆ. ಮುನ್ನೂರು ಹುಡುಗಿಯರಿದ್ದ ನಮ್ಮ ಸ್ಕೂಲಿನಲ್ಲಿ ಈ ಮೂರೂ ಒಂದೇ ಆಗಿದ್ದ ಇಬ್ಬರು ಇರಲಿಲ್ಲ.

ಡಾಕ್ಟರ್ ಬಂದು ಸ್ಕ್ರೀನ್ ನೋಡಿ, "ಅಪ್ಪನ ಹೆಸರಿಗೆ ಖಾನೆ ಎಲ್ಲಿ?" ಎಂದು ಕೇಳಿದರು. ಕಾರ್ಡಿನಲ್ಲಿ ಹೆಸರಿನ ಕೆಳಗೇ ಅದೊಂದು ಖಾನೆ ಇತ್ತು. ಈ ದೇಶದಲ್ಲಿ ಅದಿಲ್ಲದ ಕಾಗದವೇ ಇಲ್ಲ. "ಅದು ಬೇಕಿಲ್ಲ ಡಾಕ್ಟರ್, ಹುಟ್ಟಿದ ವರ್ಷ ಇದೆಯಲ್ಲ. ಇಂಗ್ಲೆಂಡಿನಲ್ಲಿ ಯಾರೂ ಕೇಳಲ್ಲ" ಎಂದೆ. ಅವರಿಗೆ ಹೊರಗೆ ರೋಗಿಗಳು ಕಾಯುತ್ತಿದ್ದರು. "ನಿನಗೆ ಗೊತ್ತಿರುತ್ತೆ ಬಿಡು" ಎಂದು ಹೋದರು.

ಮೊದಲು ಎಲ್ಲವನ್ನೂ ಒಂದು ಕಚ್ಚಾ ಟೇಬಲ್‌ಗೆ ಟೈಪ್ ಮಾಡಿದ್ದೆ, ಆರುನೂರ ನಲವತ್ತು ಸಾಲು. ಗುಡ್ ಫ್ರೈಡೇ ಸಂಜೆ ಅದನ್ನು ಕೀ ಇರುವ ನಿಜವಾದ ಟೇಬಲ್‌ಗೆ ಸಾಗಿಸಿದೆ. ಪರದೆಯ ಮೇಲೆ ಒಂದು ಪೆಟ್ಟಿಗೆ ಬಂತು: ಕೀ ಪುನರಾವರ್ತನೆಯಾದ್ದರಿಂದ ನಲವತ್ತು ಸಾಲುಗಳನ್ನು ಸೇರಿಸಲಾಗುತ್ತಿಲ್ಲ, ಆದರೂ ಮುಂದುವರಿಯಬೇಕೇ? ಗಾಬರಿಯಾಗಲಿಲ್ಲ, ಯಾಕೆಂದರೆ ಅದನ್ನೇ ಎದುರುನೋಡುತ್ತಿದ್ದೆ. ಪದೇ ಪದೇ ಕಾಯಿಲೆ ಬೀಳುವವರ ಕಾರ್ಡು ತುಂಬಿದಾಗ ಅತ್ತೆ ಎರಡನೇ ಕಾರ್ಡು ಮಾಡಿ ರಬ್ಬರ್ ಬ್ಯಾಂಡ್ ಹಾಕಿಡುತ್ತಿದ್ದರು. ಅಂಥವು ಹೊರಗುಳಿಯಬೇಕಾದದ್ದೇ. ಆದರೆ ನಾನು ಎಣಿಸಿದ್ದೆ, ಡ್ಯಾಡಿ. ರಬ್ಬರ್ ಬ್ಯಾಂಡ್ ಹಾಕಿದ್ದವು ಮೂವತ್ತೊಂದು. ಪರದೆ ಹೇಳುತ್ತಿರುವುದು ನಲವತ್ತು. ಒಂಬತ್ತು ಹೆಚ್ಚು ಎಂದು ನನಗೆ ಕಾಣಿಸಿತು. ಎಲ್ಲೋ ಅತ್ತೆ ಬ್ಯಾಂಡ್ ಹಾಕುವುದು ಮರೆತಿರಬೇಕು ಎಂದುಕೊಂಡೆ. ಚರ್ಚಿನ ಗಂಟೆ ಹೊಡೆಯುತ್ತಿತ್ತು, ಮೆರವಣಿಗೆ ಹೊರಡುವುದರಲ್ಲಿತ್ತು, ಅಮ್ಮ ಮೇಣದಬತ್ತಿ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದರು. 'ಹೌದು' ಒತ್ತಿದೆ. ನೀಟಾಗಿರಲಿ ಎಂದು ಕಚ್ಚಾ ಟೇಬಲ್ಲನ್ನೂ ಅಳಿಸಿಹಾಕಿದೆ.

ಮಾರನೆಯ ದಿನ ಡಾಕ್ಟರ್ ಕೇಳಿದರು, "ಪೂರ್ತಿ ಬಂದಿದೆಯಾ?" ನಾನು "ಬಂದಿದೆ" ಎಂದೆ.

ಈಸ್ಟರ್ ಭಾನುವಾರ ಮಧ್ಯಾಹ್ನ ಇಲ್ಲಿ ಯೇಸುವಿಗೆ ದ್ರೋಹ ಮಾಡಿದ ಯೂದನ ಬೊಂಬೆ ಸುಡುವುದು ನಿಮಗೆ ನೆನಪಿರಬೇಕು. ಜನರ ಕಾಯಿಲೆಯ ಕಾಗದ ಎಲ್ಲೆಂದರಲ್ಲಿ ಬೀಳಬಾರದು, ಸುಟ್ಟುಬಿಡುವುದೇ ಒಳ್ಳೆಯದು ಎಂದು ಡಾಕ್ಟರ್ ಹೇಳಿದ್ದರು. ಆರ್ಗಿರೊ ಅತ್ತೆ ಡ್ರಾಗಳನ್ನು ತಾವೇ ಹೊತ್ತು ತಂದು ಬೊಂಬೆಯ ಹೊಟ್ಟೆಗೆ ತುಂಬಿದರು. "ಕಟುಕ ನನ್ಮಗನೇ, ನನ್ನ ಇಪ್ಪತ್ತೆರಡು ವರ್ಷ ತಿನ್ನು" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಸೋಮವಾರದ ಹಡಗಿಗೆ ಅವರು ಮಗಳ ಮನೆಗೆ ಪಿರೇಯಸ್‌ಗೆ ಹೊರಟುಹೋದರು.

ಇವತ್ತು ಬೆಳಗ್ಗೆ ಮಾರ್ಕೋಸ್ ಸಿಗಾಲಾಸ್ ಬಂದರು. ಮೀನುಗಾರ, ಅರವತ್ತೇಳು ವಯಸ್ಸು. ಪವಿತ್ರ ವಾರದಲ್ಲಿ ಗಾಳ ಅಂಗೈಗೆ ಚುಚ್ಚಿಕೊಂಡಿದ್ದನ್ನು ಹಬ್ಬ ಕೆಡಬಾರದೆಂದು ಯಾರಿಗೂ ಹೇಳದೆ ಇಟ್ಟುಕೊಂಡಿದ್ದರು. ಕೈ ಮೊಣಕೈವರೆಗೆ ಊದಿ ಕೆಂಪಾಗಿತ್ತು, ಜ್ವರದಲ್ಲಿ ಮೈ ಸುಡುತ್ತಿತ್ತು. "ಯಾವುದಾದ್ರೂ ಔಷಧಿ ನಿಮಗೆ ಆಗಲ್ವಾ ಮಾವ?" ಎಂದು ಡಾಕ್ಟರ್ ಕೇಳಿದರು. ಅವರು ಕಣ್ಣು ಮುಚ್ಚಿಕೊಂಡೇ, "ಅದೆಲ್ಲ ಕಾರ್ಡಲ್ಲಿದೆ ತಾಯಿ, ಆರ್ಗಿರೊ ಬರೆದಿಟ್ಟವ್ಳೆ" ಎಂದರು.

"ಸೆವಸ್ತಿ, ಇವರದ್ದು ತೆಗಿ."

ತೆಗೆದೆ. ಸಿಗಾಲಾಸ್, ಮಾರ್ಕೋಸ್, 1931. ಆಗದ ಔಷಧಿ: ಇಲ್ಲ.

"ಮುಂಚೆ ಪೆನ್ಸಿಲಿನ್ ಕೊಟ್ಟಿದ್ದಾರಾ ನೋಡು."

ಅದಕ್ಕೆ ಕ್ವೆರಿ ಮಾಡಿಟ್ಟಿದ್ದೆ. ಕ್ಲಿನಿಕ್ಕಿಗೆ ಬಂದು ಹೋದ ದಿನಗಳದ್ದು ಬೇರೆ ಟೇಬಲ್, ಅದೇ ಕೀಯಿಂದ ಜೋಡಿಸಿದ್ದು. "1986ರಲ್ಲಿ ಒಂದ್ಸಲ, 91ರಲ್ಲಿ ಒಂದ್ಸಲ. ಏನೂ ತೊಂದರೆ ಆಗಿಲ್ಲ ಅಂತಿದೆ" ಎಂದೆ. ನನ್ನ ದನಿಯಲ್ಲಿ ಜಂಬವಿತ್ತು, ಈಗಲೂ ಕಿವಿಯಲ್ಲಿ ಕೇಳುತ್ತಿದೆ.

ಸೂಜಿ ಕೊಟ್ಟು ಐದು ನಿಮಿಷವೂ ಆಗಿರಲಿಲ್ಲ. ಮೊದಲು ಕತ್ತು ಕೆರೆದುಕೊಂಡರು. ಆಮೇಲೆ ತುಟಿ ದಪ್ಪವಾಯಿತು, ಮುಖ ಬೇರೆಯವರದ್ದಾಯಿತು, ಉಸಿರು ಎಳೆದರೆ ಸೀಟಿ ಹೊಡೆದಂತೆ ಸದ್ದು. ಡಾಕ್ಟರ್ ಇನ್ನೊಂದು ಸೂಜಿ ಕೊಟ್ಟರು, ಆಮೇಲೆ ಮತ್ತೊಂದು. ನನ್ನ ಕೈಗೆ ಆಕ್ಸಿಜನ್ ಮಾಸ್ಕ್ ಕೊಟ್ಟು "ಒತ್ತಿ ಹಿಡಿ, ಅಳಬೇಡ, ಹಿಡಿ" ಎಂದರು. ಹೆಲಿಕಾಪ್ಟರ್ ಬರಲು ಒಂದು ಗಂಟೆ ನಲವತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಹಿಡಿದಿದ್ದೆ.

ಹೆಂಡತಿ ಮಾರಿಗೊ ಹೊಲದಿಂದ ಓಡಿಬಂದವರು ಡಾಕ್ಟರ್ ಎದುರಿಗೆ ನಿಂತು, ಕೂಗದೆ, ಮೆಲ್ಲಗೆ ಹೇಳಿದರು: "ಐವತ್ತು ವರ್ಷ ಸಮುದ್ರ ಇವರನ್ನ ತಿನ್ನಲಿಲ್ಲ. ನೀನು ಒಂದು ಸೂಜೀಲಿ ಮುಗಿಸಿದೆಯಲ್ಲಮ್ಮ." ಹೊರಗೆ ಜನ ಸೇರಿದ್ದರು. "ಕಲಿಯೋಕೆ ನಮ್ಮೂರಿಗೆ ಕಳಿಸ್ತಾರೆ ಇಂಥವರನ್ನ." "ಆರ್ಗಿರೊ ಇದ್ದಿದ್ರೆ ಆಗ್ತಿತ್ತಾ?" "ಕೇಸು ಹಾಕ್ಬೇಕು, ಆ ಬಿಳಿ ಕೋಟು ಬಿಚ್ಚಿಸ್ಬೇಕು." ಹೀಗೆ.

ಡಾಕ್ಟರ್ ಒಳಗೆ ಕುರ್ಚಿಯಲ್ಲಿ ಕೂತಿದ್ದರು. "ಅವರ ಪುಟ ಪ್ರಿಂಟ್ ಮಾಡಿಕೊಡು. ಪಟ್ಟೀಲಿ ಏನೂ ಇರಲಿಲ್ಲ ಅನ್ನೋದಕ್ಕೆ ಅದೊಂದೇ ಆಧಾರ ನನಗೆ" ಎಂದರು. ಪ್ರಿಂಟರಿನಿಂದ ಹಾಳೆ ಬರುವಾಗ ಓದಿದೆ. 1991 ಮಾರ್ಚ್ 3, ಕಿವಿನೋವು, ತೂಕ 61 ಕಿಲೋ. 1991 ಮಾರ್ಚ್ 3, ಗಂಟಲು ಕೀವು, ಪೆನ್ಸಿಲಿನ್, ತೂಕ 92 ಕಿಲೋ. ಒಂದೇ ದಿನ, ಒಬ್ಬನೇ ಮನುಷ್ಯ, ಎರಡು ತೂಕ.

ಹಾಳೆ ಕೈಯಲ್ಲಿರುವಾಗಲೇ ಬಾಗಿಲಲ್ಲಿ ದಪ್ಪ ಮನುಷ್ಯರೊಬ್ಬರು ಟೋಪಿ ಹಿಂಡುತ್ತಾ ನಿಂತಿದ್ದರು. "ನನ್ನ ತಮ್ಮ ಹೆಂಗವನೆ? ನಾನು ಲೆಫ್ತೇರಿ ಮಗ ಮಾರ್ಕೋಸ್. ಅವನು ನಮ್ಮ ಚಿಕ್ಕಪ್ಪ ಯಾಕೋವನ ಮಗ. ಇಬ್ರೂ ಒಂದೇ ವರ್ಷದೋರು."

ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು. ಊರಿಗೆಲ್ಲ ಗೊತ್ತಿರುವ ವಿಷಯ. ಅಜ್ಜ ಮಾರ್ಕೋಸ್ ಸಿಗಾಲಾಸ್‌ಗೆ ಗಂಡುಮಕ್ಕಳು ಇಬ್ಬರಾದರೆ ಊರಿನಲ್ಲಿ ಇಬ್ಬರು ಮಾರ್ಕೋಸ್ ಸಿಗಾಲಾಸ್. ನನ್ನ ಹೆಸರೂ ನನ್ನ ಅಜ್ಜಿಯದ್ದೇ. ಅದು ಗೊತ್ತಿದ್ದೂ ನಾನು ಹೀಗೆ ಮಾಡಿದೆ. ಟೇಬಲ್ಲಿನಲ್ಲಿ ಉಳಿದಿದ್ದು ಈ ದಪ್ಪ ಮಾರ್ಕೋಸರ ಸಾಲು, ಹೊರಗುಳಿದದ್ದು ಸೂಜಿ ಕೊಟ್ಟವರದ್ದು.

ಹಾಳೆಯನ್ನು ಡಾಕ್ಟರ್‌ಗೆ ಕೊಟ್ಟೆ. ನನಗೆ ಕಂಡದ್ದನ್ನು ಹೇಳಲಿಲ್ಲ. ಹೊರಗೆ ಬಂದು ಈ ಬೆಂಚಿನ ಮೇಲೆ ಕೂತೆ. ಒಳಗೆ ಅವರು ಯಾರಿಗೋ ಫೋನಿನಲ್ಲಿ, "ಇಲ್ಲ ಸರ್, ದಾಖಲೆ ನೋಡಿಯೇ ಕೊಟ್ಟೆ. ಹೌದು ಸರ್. ಹೌದು, ಜವಾಬ್ದಾರಿ ನನ್ನದೇ" ಎನ್ನುತ್ತಿರುವುದು ಕೇಳುತ್ತಿದೆ.

ನಾನು ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಕಾರ್ಡು ಸುಟ್ಟಿದೆ, ಕಚ್ಚಾ ಟೇಬಲ್ ಇಲ್ಲ. ಆದರೆ ಹೊರಗುಳಿದವರು ಒಂಬತ್ತು ಜನ. ಮಾರ್ಕೋಸ್ ಮಾವ ಒಬ್ಬರು. ಇನ್ನು ಎಂಟು ಜನ ಊರಿನಲ್ಲಿ ಓಡಾಡಿಕೊಂಡಿದ್ದಾರೆ.

ಗುರುವಾರ, ಸಂಜೆ

ನಿನ್ನೆ ಅಷ್ಟಕ್ಕೇ ನಿಲ್ಲಿಸಿದೆ. ಪತ್ರ ಮುಗಿಸಿ ಎದ್ದರೆ ಆಮೇಲೆ ಹೇಳುವುದೇ ಇಲ್ಲ ಎಂದು ಭಯವಾಯಿತು. ಒಳಗೆ ಹೋಗಿ, ನಿಂತೇ ಎಲ್ಲ ಹೇಳಿದೆ. ಮೂವತ್ತೊಂದು, ನಲವತ್ತು, ಹೌದು ಒತ್ತಿದ್ದು.

ಡಾಕ್ಟರ್ ಬೈಯಲಿಲ್ಲ. ಬೈಯಲಿ ಎಂದು ಕಾಯುತ್ತಿದ್ದೆ. "ಉಳಿದ ಎಂಟು ಜನ ಯಾರು?" ಎಂದು ಕೇಳಿದರು.

"ಗೊತ್ತಿಲ್ಲ."

"ಹೇಗೆ ಗೊತ್ತಾಗುತ್ತೆ?"

"ಒಂದೇ ಹೆಸರು, ಒಂದೇ ವರ್ಷದವರು ಯಾರ್ಯಾರು ಅಂತ ಊರನ್ನೇ ಕೇಳಬೇಕು. ಕಂಪ್ಯೂಟರಿಗೆ ಇನ್ನು ಗೊತ್ತಿಲ್ಲ."

ಅವರು ಕಣ್ಣು ಒತ್ತಿಕೊಂಡರು. "ನನ್ನ ಜಾಗದಲ್ಲಿ ನಿಂತು ನೋಡು. ನೀನು 'ಬಂದಿದೆ' ಅಂದೆ. ನಾನು ಎಣಿಸಲಿಲ್ಲ. ಇಬ್ಬರದ್ದೂ ಇದೆ ಇದರಲ್ಲಿ. ಆದರೆ ಅವರೆಲ್ಲರ ಎದುರಿಗೆ ನಿನ್ನ ಪಾಲು ನಾನು ಹೇಳೋಕಾಗಲ್ಲ, ನೀನೇ ಹೇಳಬೇಕು" ಎಂದರು. ಮಾರನೆಯ ಬೆಳಗ್ಗೆ, ಅಂದರೆ ಇವತ್ತು, ಚರ್ಚಿನ ಪೂಜೆ ಮುಗಿದ ಮೇಲೆ ಎಲ್ಲರೂ ಕಾಫಿ ಅಂಗಡಿಯಲ್ಲಿ ಸೇರುತ್ತಾರೆ, ಅಲ್ಲೇ ಎಂದರು.

ಡ್ಯಾಡಿ, ಹಾಸ್ಟೆಲಿನಲ್ಲಿ ಅಸೆಂಬ್ಲಿಯ ಮುಂದೆ ನಿಲ್ಲುವುದನ್ನು ಹೇಗಾದರೂ ತಪ್ಪಿಸಿಕೊಳ್ಳುತ್ತಿದ್ದೆ. ಇದು ಅದಕ್ಕಿಂತ ಕಷ್ಟ. ಐವತ್ತು ಜನ ಗಂಡಸರು, ಬಾಗಿಲಲ್ಲಿ ಹೆಂಗಸರು, ಅಮ್ಮ ಬೇಕರಿಯ ಏಪ್ರನ್‌ನಲ್ಲೇ ಬಂದು ಹಿಂದೆ ನಿಂತಿದ್ದರು. ಅದೃಷ್ಟಕ್ಕೆ ಎಂಟು ಗಂಟೆಗೇ ಆಸ್ಪತ್ರೆಯಿಂದ ಫೋನ್ ಬಂದಿತ್ತು: ಮಾರ್ಕೋಸ್ ಮಾವನಿಗೆ ಪ್ರಜ್ಞೆ ಬಂದಿದೆ, ಉಸಿರಾಟದ ನಳಿಕೆ ತೆಗೆದಿದ್ದಾರೆ, ಹೆಂಡತಿಯನ್ನು ಗುರುತಿಸಿ "ಬಲೆ ಒಣಗಿಸಿದ್ಯಾ?" ಎಂದು ಕೇಳಿದರಂತೆ. ಅದನ್ನು ಡಾಕ್ಟರ್ ಮೊದಲು ಹೇಳಿದರು. ಆಮೇಲೆ ನಾನು.

ಅರ್ಧ ಹೇಳುವಷ್ಟರಲ್ಲೇ ಶುರುವಾಯಿತು. "ಅಂದ್ರೆ ಆ ಡಬ್ಬದಲ್ಲಿ ನಾನಿಲ್ಲವಾ?" "ಇದ್ದೀಯೋ ಇಲ್ಲವೋ ಅದಕ್ಕೇ ಗೊತ್ತಿಲ್ಲವಂತೆ." "ನೀನು ಸತ್ರೆ ಪಿಂಚಣಿ ನಿನ್ನ ದೊಡ್ಡಪ್ಪನ ಮಗನಿಗೆ ಹೋಗುತ್ತೆ ಬಿಡು." ಕೆಲವರು ನಕ್ಕರು. ಮೀನು ಮಾರುವವನೊಬ್ಬ, "ಎರಡು ಭಾಷೆ ಕಲಿತವಳಿಗೆ ಒಂದು ಊರು ಎಣಿಸೋಕೆ ಬರಲಿಲ್ಲ" ಎಂದ. ಡಾಕ್ಟರ್ ಮೇಜು ತಟ್ಟಿ, "ಬೈಯೋದು ಆಮೇಲೆ. ಒಂದೇ ಹೆಸರು, ಒಂದೇ ವರ್ಷ, ಯಾರ್ಯಾರಿದ್ದೀರಿ ಕೈ ಎತ್ತಿ" ಎಂದರು.

ಕೈಗಳು ಒಂದೊಂದಾಗಿ ಎದ್ದವು. ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು, ಜೋಡಿ ಜೋಡಿಯಾಗಿ. ಇಬ್ಬರು ಫ್ರಾಂಗಿಸ್ಕೋಸ್, ಇಬ್ಬರು ನಿಕಿತಾಸ್. ಹೆಂಗಸರಲ್ಲಿ ಇಬ್ಬರು ಫ್ಲೋರಾ, ಅವರು ಒಬ್ಬರನ್ನೊಬ್ಬರು ಹತ್ತು ವರ್ಷದಿಂದ ಮಾತನಾಡಿಸಿರಲಿಲ್ಲ, ಇವತ್ತು ಪಕ್ಕಪಕ್ಕದಲ್ಲಿ ನಿಂತು ವಿವರ ಬರೆಸಿದರು. ನಾನು ಪ್ರತಿಯೊಬ್ಬರ ಹೆಸರಿನ ಪಕ್ಕ ಅಪ್ಪನ ಹೆಸರು ಬರೆದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ಏಳು ಜೋಡಿ, ಅಂದರೆ ಹೊರಗುಳಿದವರಲ್ಲಿ ಏಳು ಜನ ಸಿಕ್ಕರು. ಒಬ್ಬರು ಇನ್ನೂ ಸಿಕ್ಕಿಲ್ಲ. ಯಾರೋ ಹಡಗಿನಲ್ಲಿ ಕೆಲಸಕ್ಕೆ ಹೋದವರಿರಬೇಕು. ಅವರು ಯಾರೆಂದು ತಿಳಿಯುವವರೆಗೆ ಕಂಪ್ಯೂಟರಿನ ವಿವರಗಳನ್ನು ನಂಬಿ ಯಾರಿಗೂ ಸೂಜಿ ಕೊಡುವುದಿಲ್ಲ ಎಂದು ಡಾಕ್ಟರ್ ಬಾಗಿಲಿಗೆ ಚೀಟಿ ಅಂಟಿಸಿದ್ದಾರೆ.

ಎಲ್ಲ ಮುಗಿದು ಎದ್ದಾಗ ಲೆಫ್ತೇರಿಯ ಮಗ ಮಾರ್ಕೋಸ್ ಮಾವ ನನ್ನ ಹತ್ತಿರ ಬಂದರು. ಅವರಿಗೆ ಸಿಟ್ಟಿರಲಿಲ್ಲ. "ಒಂದು ಕೇಳ್ತೀನಿ ಮಗಳೇ. ನನ್ನ ಕಾರ್ಡಲ್ಲಿ ನಮ್ಮಪ್ಪನ ಹೆಸರಿತ್ತು. ಅವನ ಕಾರ್ಡಲ್ಲಿ ಅವರಪ್ಪನ ಹೆಸರಿತ್ತು. ನಾವಿಬ್ರೂ ಬೇರೆ ಬೇರೆ ಅಂತ ಅದು ಒಂದೇ ಹೇಳ್ತಿತ್ತು. ಅದನ್ನ ಯಾಕೆ ಬಿಟ್ಟೆ?"

ಹಿಂದಿನಿಂದ ಯಾರೋ, "ಅವಳನ್ನ ಅದು ಕೇಳಬೇಡವೋ" ಎಂದರು. ಬೈದಾಗ ನನಗೆ ಅಷ್ಟು ಕಷ್ಟವಾಗಿರಲಿಲ್ಲ. ಅಮ್ಮ ನೆಲ ನೋಡುತ್ತಿದ್ದರು.

"ಬೇಕಾಗಲ್ಲ ಅಂದುಕೊಂಡೆ ಮಾವ" ಎಂದೆ.

ಶುಕ್ರವಾರ, ಬೆಳಗ್ಗೆ

ಹಡಗು ಹತ್ತು ಗಂಟೆಗೆ. ನಿಮ್ಮ ಜೆಟ್ಟಿಯ ಮೇಲೆ ಅಂಚೆಯವನ ಗಾಡಿ ಆಗಲೇ ನಿಂತಿದೆ, ಹಾಗಾಗಿ ಚಿಕ್ಕದಾಗಿ ಮುಗಿಸುತ್ತೇನೆ. ಆರ್ಗಿರೊ ಅತ್ತೆಗೆ ನಿನ್ನೆ ಸಂಜೆ ಫೋನ್ ಸಿಕ್ಕಿತು. ನನ್ನ ಮಾತು ಪೂರ್ತಿ ಕೇಳಿಸಿಕೊಂಡು, "ಆ ಕಂಪ್ಯೂಟರ್ ಬಿಟ್ಟು ತಪ್ಪು ಬೊಂಬೆ ಸುಟ್ವಲ್ಲೇ" ಎಂದರು. ಆಮೇಲೆ ಫೋನಿನಲ್ಲೇ ಒಂದು ಗಂಟೆ ಕೂತು, ಯಾರಿಗೆ ಏನು ಆಗುವುದಿಲ್ಲ ಎಂದು ನೆನಪಿನಿಂದ ಒಂದೊಂದೇ ಮನೆ ಹಿಡಿದು ಬರೆಸಿದರು. ಉಳಿದ ಮನೆಗಳದ್ದು ಇವತ್ತು ಹೇಳುತ್ತಾರೆ.

ಡಾಕ್ಟರ್ ಮೇಲೆ ವಿಚಾರಣೆ ನಡೆಯುತ್ತದೆ. ಆರೋಗ್ಯ ಇಲಾಖೆಗೆ ಮೇ 8ರೊಳಗೆ ನಾನೊಂದು ಲಿಖಿತ ಹೇಳಿಕೆ ಕೊಡಬೇಕು, ಪೊಲೀಸ್ ಠಾಣೆಯಲ್ಲಿ ಸಹಿ ದೃಢೀಕರಿಸಿ. ಅದು ಹೋಗದಿದ್ದರೆ ಇಡೀ ತಪ್ಪು ಅವರೊಬ್ಬರ ಮೇಲೇ ಉಳಿಯುತ್ತದೆ, ಅವರು ಇನ್ನು ಡಾಕ್ಟರ್ ಆಗಿ ಉಳಿಯುವುದೂ ಅನುಮಾನ. ಹೇಳಿಕೆ ಬರೆದಾಗಿದೆ, ಮೂರು ಪುಟ. ಸಹಿ ಮಾತ್ರ ಆಗಿಲ್ಲ. ವಿಷಯವನ್ನು ಒಳಗೇ ಇಟ್ಟುಕೊಳ್ಳುವುದರ ಬಗ್ಗೆ ಬುಧವಾರ ಕೇಳಿದ್ದೆನಲ್ಲ, ಅದಕ್ಕೆ ಉತ್ತರ ಬೇಡ. ನಿಮ್ಮ ಆರೋಗ್ಯ ನೋಡಿಕೊಳ್ಳಿ. ಅಲ್ಲಿರುವ ನಿಮ್ಮ ಇಬ್ಬರು ಮಕ್ಕಳಿಗೂ ದೇವರು ಒಳ್ಳೆಯದು ಮಾಡಲಿ. ಅವರ ಹೆಸರು ನೀವು ಯಾವತ್ತೂ ಹೇಳಲಿಲ್ಲ, ಆದರೂ ಈಸ್ಟರಿಗೆ ಇಬ್ಬರಿಗೂ ಒಂದೊಂದು ಬತ್ತಿ ಹಚ್ಚಿದ್ದೆ.

ಇಂತಿ ನಿಮ್ಮ
ಸೆವಸ್ತಿ

ವಿ.ಸೂ.: ಮಾರ್ಕೋಸ್ ಮಾವನಿಗೆ ನಾನು ಹೇಳಿದ್ದು ಸುಳ್ಳು. ಟೇಬಲ್ ಹೇಗಿರಬೇಕೆಂದು ನೋಡಿಕೊಳ್ಳಲು ಮೊದಲು ಒಂದು ಕಾರ್ಡು ಬೇಕಿತ್ತು. ನನ್ನದನ್ನೇ ತೆಗೆದೆ. ಪ್ರೇಕಾ, ಸೆವಸ್ತಿ, ಅಮ್ಮನ ಮನೆಹೆಸರೇ. ಅಪ್ಪನ ಹೆಸರಿನ ಜಾಗದಲ್ಲಿ ಆರ್ಗಿರೊ ಅತ್ತೆ ಸ್ಕೇಲ್ ಇಟ್ಟು ಒಂದು ಅಡ್ಡಗೆರೆ ಎಳೆದಿದ್ದರು. ಅಪ್ಪನ ಹೆಸರನ್ನು ಖಾಲಿ ಬಿಡಬಾರದ ಫೀಲ್ಡ್ ಎಂದೇ ಮಾಡಬೇಕು, ಪಾಠದಲ್ಲಿ ಹಾಗೆಯೇ ಕಲಿಸಿದ್ದಾರೆ. ಹಾಗೆ ಮಾಡಿ ನನ್ನ ಸಾಲನ್ನು ಟೈಪ್ ಮಾಡಿದೆ. ಪ್ರೋಗ್ರಾಮ್ ತೆಗೆದುಕೊಳ್ಳಲಿಲ್ಲ. ಮೂರು ಸಲ ಪ್ರಯತ್ನಿಸಿದೆ. ಪಕ್ಕದಲ್ಲಿ ಅತ್ತೆ ನೋಡುತ್ತಾ ಕೂತಿದ್ದರು. ಆಗ ಆ ಫೀಲ್ಡನ್ನೇ ತೆಗೆದುಹಾಕಿದೆ, ಊರಿಗೆಲ್ಲ.

ಹೇಳಿಕೆಯ ಫಾರಮ್ಮಿನಲ್ಲೂ ಅಪ್ಪನ ಹೆಸರಿನ ಅದೇ ಖಾನೆ ಇದೆ, ನನ್ನ ಹೆಸರಿನ ಕೆಳಗಿನ ಸಾಲಿನಲ್ಲಿ. ಅಲ್ಲಿ ಖಾಲಿ ಬಿಟ್ಟರೆ ಸಹಿ ದೃಢೀಕರಿಸುವುದಿಲ್ಲ ಎಂದು ಠಾಣೆಯವರು ಹೇಳಿದರು, "ಹೆಸರು ಬರಿ, ಇಲ್ಲಾ ಗೆರೆ ಎಳಿ" ಎಂದರು. ಗೆರೆ ಎಳೆದು ಕೊಡಬಲ್ಲೆ, ಡಾಕ್ಟರ್‌ಗಾಗಿ ಅದನ್ನಾದರೂ ಮಾಡುತ್ತೇನೆ. ಆದರೆ ಈ ಒಂದು ಕಾಗದದಲ್ಲಿ ಡೆಸ್ಮಂಡ್ ಎಂದು ನಿಮ್ಮ ಹೆಸರು ಬರೆಯುವ ಆಸೆ. ನೀವು ಒಪ್ಪದೆ ಬರೆದರೆ ಅದೂ ಒಂದು ಸುಳ್ಳಾಗುತ್ತದೆ. ಬರೆಯಬಹುದೇ ಎಂದು ತಿಳಿಸಿ. ಪತ್ರ ಇಲ್ಲಿಗೆ ಬರಲು ಐದು ದಿನ ಬೇಕು. ದಯವಿಟ್ಟು ಬೇಗ ಉತ್ತರ ಬರೆಯಿರಿ.